ಚೀಟಿ ಕೊಚ್ಚಿಹೋದ ಮೇಲೆ ಔಷಧಿ ಕೊಡಬೇಕೋ ಬೇಡವೋ?

ಔಷಧ ನಿಯಂತ್ರಣ ಇಲಾಖೆಯ ಮುಖ್ಯ ಅಧಿಕಾರಿಗಳಿಗೆ,

‘ಮಾನ್ಯರೇ’ ಎಂದು ಶುರುಮಾಡಬೇಕಂತೆ. ಆಗಲಿ, ಮಾನ್ಯರೇ. ಆ ಮಾತನ್ನು ಸದ್ಯಕ್ಕೆ ಎರವಲು ಕೊಟ್ಟಿದ್ದೇನೆ, ನಿಮ್ಮ ಉತ್ತರ ನೋಡಿಕೊಂಡು ಪೂರ್ತಿ ಕೊಡುವುದೋ ವಾಪಸು ಪಡೆಯುವುದೋ ಯೋಚಿಸುತ್ತೇನೆ. ಮೊದಲು ಕನ್ನಡಕ ಏರಿಸಿಕೊಂಡು ನೆಟ್ಟಗೆ ಕೂತು ಓದಿ. ನಾಲ್ಕು ಸಾಲು ಓದಿ, ಮೂಲೆಯಲ್ಲಿ ‘ಸಂಬಂಧಪಟ್ಟವರಿಗೆ’ ಎಂದು ಗೀಚಿ, ಪಕ್ಕದ ಮೇಜಿಗೆ ತಳ್ಳುವ ಚಾಳಿ ಇದ್ದರೆ ಇವತ್ತೊಂದು ದಿನ ಬಿಡಿ. ಸಂಬಂಧಪಟ್ಟವರು ನೀವೇ. ನಿಮಗಿಂತ ಮುಂಚೆ ಲಕೋಟೆ ಒಡೆದು ಓದುತ್ತಿರುವ ಗುಮಾಸ್ತರಿಗೂ ಒಂದು ಮಾತು: ನಗುವುದು ಸಾಕು, ಒಳಗೆ ತೆಗೆದುಕೊಂಡು ಹೋಗಿ ಕೊಡಿ. ಕೊಡದಿದ್ದರೂ ಚಿಂತೆಯಿಲ್ಲ. ಇದೇ ಪತ್ರವನ್ನು ಪತ್ರಿಕೆಯಲ್ಲೂ ಹಾಕಿಸುತ್ತಿದ್ದೇನೆ. ಸರ್ಕಾರಿ ಕಚೇರಿಯಲ್ಲಿ ಕಾಗದಗಳಿಗೆ ಕಾಲು ಬರುತ್ತವೆ ಎಂದು ಕೇಳಿ ಬಲ್ಲೆ.

ವಿಷಯ ಇಷ್ಟೇ. ನೆರೆಯೋ ಬೆಂಕಿಯೋ ಬಂದಾಗ ಜನರಿಗೆ ಔಷಧಿ ಒದಗಿಸುವುದು ಹೇಗೆ ಎಂದು ನೀವು ಊರಿನ ಮೆಡಿಕಲ್ ಅಂಗಡಿಯವರಿಗೆಲ್ಲ ತರಬೇತಿ ಕೊಟ್ಟಿರಿ. ಅವರಲ್ಲಿ ನನ್ನ ಸೊಸೆಯೂ ಒಬ್ಬಳು. ಆಮೇಲೆ ನೆರೆ ಬಂತು. ಅವಳು ಔಷಧಿ ಒದಗಿಸಿದಳು. ಈಗ ‘ಯಾಕೆ ಒದಗಿಸಿದೆ’ ಎಂದು ನೋಟಿಸು ಕೊಟ್ಟಿದ್ದೀರಿ. ಮುಂದಿನ ತಿಂಗಳು ವಿಚಾರಣೆ. ಅವಳ ಅಂಗಡಿಯ ಲೈಸೆನ್ಸು ಉಳಿಯುತ್ತದೋ ಹೋಗುತ್ತದೋ ಅಲ್ಲಿ ತೀರ್ಮಾನವಂತೆ.

ಸೊಸೆಯನ್ನು ಹೊಗಳಲು ನಾನು ಕೂತಿಲ್ಲ. ಮನೆಯಲ್ಲಿ ನಮಗಿಬ್ಬರಿಗೂ ಅಷ್ಟಕ್ಕಷ್ಟೇ. ಅವಳು ಹಾಲಿಟ್ಟು ಅಂಗಡಿಗೆ ಇಳಿಯುತ್ತಾಳೆ, ಅದು ಉಕ್ಕಿ ಒಲೆಯೆಲ್ಲ ರಾದ್ಧಾಂತವಾದ ಮೇಲೆ ‘ಅತ್ತೆ, ನೀವಿದ್ರಲ್ಲ’ ಎನ್ನುತ್ತಾಳೆ. ಈ ವಿಷಯಕ್ಕೆ ನಾನು ಬೈಯದ ದಿನವಿಲ್ಲ. ಆದರೆ ನನ್ನ ಸೊಸೆಯನ್ನು ಬೈಯುವ ಹಕ್ಕು ನನ್ನದು. ಅದನ್ನು ಯಾವ ಇಲಾಖೆಗೂ ನಾನು ಬರೆದುಕೊಟ್ಟಿಲ್ಲ.

ತರಬೇತಿ ಎಂಥದ್ದೆಂದು ನನಗೇನು ಗೊತ್ತು ಎಂದು ನೀವು ಕೇಳಬಹುದು. ಚೆನ್ನಾಗಿ ಗೊತ್ತು. ನಾನೂ ಬಂದಿದ್ದೆ. ಕಾಲೇಜಿನ ದೊಡ್ಡ ಸಭಾಂಗಣದಲ್ಲಿ ಮೊದಲ ದಿನ ಭಾಷಣ, ಎರಡನೆಯ ದಿನ ಡ್ರಿಲ್ಲು. ಡ್ರಿಲ್ಲಿಗೆ ಗಾಯಾಳುಗಳು ಬೇಕಲ್ಲ? ಯಾರೂ ಸಿಗಲಿಲ್ಲವೆಂದು, ಪ್ರತಿಯೊಬ್ಬ ಅಂಗಡಿಯವರೂ ಮನೆಯಿಂದ ಒಬ್ಬರನ್ನು ಕರೆತರಬೇಕೆಂದು ಅಪ್ಪಣೆಯಾಯಿತು. ಸೊಸೆ ನನ್ನ ಮುಖ ನೋಡಿದಳು. ‘ಅತ್ತೆ, ಸುಮ್ಮನೆ ಮಲಗಿರೋ ಕೆಲಸ. ಊಟಾನೂ ಕೊಡ್ತಾರೆ.’ ‘ನಾನು ಸುಮ್ಮನೆ ಮಲಗೋದನ್ನ ನೀನು ಯಾವಾಗ ನೋಡಿದ್ದೀಯೇ?’ ಎಂದೆ. ಆದರೂ ಹೋದೆ. ಸರ್ಕಾರ ಊಟ ಕೊಡುತ್ತದೆ ಎಂದರೆ ಅದರಲ್ಲೇನೋ ಇರಬೇಕು ಎಂಬ ಅನುಮಾನ ನನಗೆ ಮೊದಲಿಂದಲೂ ಇತ್ತು.

ನಿಮ್ಮ ತರಬೇತುದಾರರು ನನ್ನ ಕೊರಳಿಗೆ ಕಪ್ಪು ಪಟ್ಟಿ ನೇತುಹಾಕಿ, ಬೆಂಚಿನ ಮೇಲೆ ಮಲಗಿಸಿ, ‘ಅಜ್ಜಿ, ನೀವು ಸತ್ತಿದ್ದೀರಿ. ಮಾತಾಡಬಾರದು’ ಎಂದರು. ಮದುವೆಯಾಗಿ ಬಂದಾಗಿನಿಂದ ‘ಮಾತಾಡಬಾರದು’ ಎಂದು ಹೇಳಿ ಯಾರೂ ನನ್ನನ್ನು ಗೆದ್ದಿರಲಿಲ್ಲ. ಇವರು ಗೆದ್ದರು. ಹಾಗಾಗಿ ಬಾಯಿ ಮುಚ್ಚಿಕೊಂಡು ಕಣ್ಣು ಅರ್ಧ ತೆರೆದುಕೊಂಡು ಮಲಗಿದೆ.

ಕಂಡದ್ದು ಹೇಳುತ್ತೇನೆ. ಮೊದಲ ಪಾಠ: ವಿಪತ್ತು ಬಂದ ಕೂಡಲೇ ನಿಯಂತ್ರಣ ಕೊಠಡಿಗೆ ಫೋನ್ ಮಾಡಬೇಕು. ಸರಿ, ಒಬ್ಬ ಅಂಗಡಿಯವನು ಎಲ್ಲರೆದುರು ಫೋನ್ ಮಾಡಿದ. ಫೋನು ರಿಂಗಾದದ್ದು ಎಲ್ಲಿ? ಪಕ್ಕದ ಕೋಣೆಯಲ್ಲಿ, ಬಾಗಿಲಿನ ಆಚೆ. ಅದು ಕಾಲೇಜಿನ ಆಫೀಸು ರೂಮು. ಅಲ್ಲಿ ಕೂತಿದ್ದ ನಿಮ್ಮ ಗುಮಾಸ್ತರು ಎತ್ತಿ, ‘ಹೇಳಿ, ಏನು ಬೇಕು? ಈಗಲೇ ಕಳಿಸ್ತೀವಿ’ ಎಂದರು. ಫೋನಿನಲ್ಲಿ ಕೇಳುವ ಮೊದಲೇ ಗೋಡೆಯ ಮೂಲಕ ನಮಗೆಲ್ಲ ಕೇಳಿಸಿತು. ಮರುಕ್ಷಣವೇ ಬಾಗಿಲು ತೆರೆದು ಒಬ್ಬರು ಐಸ್ ಪೆಟ್ಟಿಗೆ ಹಿಡಿದು ಓಡಿಬಂದರು. ಎಲ್ಲರೂ ಚಪ್ಪಾಳೆ. ಪೆಟ್ಟಿಗೆಯನ್ನು ನನ್ನ ಕಾಲ ಬಳಿ ಇಟ್ಟರು. ಮುಚ್ಚಳ ಸರಿದಿತ್ತು. ಒಳಗೆ ಐಸೂ ಇಲ್ಲ, ಔಷಧಿಯೂ ಇಲ್ಲ, ಯಾರದೋ ಕೊಡೆ ಇತ್ತು.

ಆಗ ನನ್ನ ಸೊಸೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು. ‘ಸಾರ್, ನೆರೆಯಲ್ಲಿ ಜನ ಡಾಕ್ಟರ ಚೀಟಿ ಕಳಕೊಂಡು ಬಂದರೆ ಏನ್ಮಾಡೋದು? ದಿನಾ ತಗೊಳ್ಳೋ ಔಷಧಿ ಇರುತ್ತಲ್ಲ, ಸಕ್ಕರೆ ಕಾಯಿಲೆದು, ಹಾರ್ಟಿಂದು, ಫಿಟ್ಸಿಂದು?’ ತರಬೇತುದಾರರು ಹಲ್ಲು ಬಿಟ್ಟು, ‘ಬಹಳ ಒಳ್ಳೇ ಪ್ರಶ್ನೆ ಮೇಡಂ. ಊಟ ಆದ್ಮೇಲೆ ನೋಡೋಣ’ ಎಂದರು. ಊಟ ಆದಮೇಲೆ ಗ್ರೂಪ್ ಫೋಟೋ ಆಯಿತು. ಫೋಟೋ ಆದಮೇಲೆ ಸರ್ಟಿಫಿಕೇಟು ಹಂಚಿದರು. ಆ ಒಳ್ಳೆಯ ಪ್ರಶ್ನೆ ಇನ್ನೂ ಅಲ್ಲೇ ಊಟ ಮಾಡುತ್ತಾ ಕೂತಿರಬೇಕು.

ಇನ್ನೊಂದು. ಫೋಟೋಗೆ ಎಲ್ಲರೂ ಮೆಟ್ಟಿಲ ಕಡೆ ಹೋದಾಗ ಸತ್ತವಳನ್ನು ಎಬ್ಬಿಸುವುದು ಯಾರಿಗೂ ನೆನಪಾಗಲಿಲ್ಲ. ನನ್ನ ತಲೆಯ ಹತ್ತಿರ ನಿಂತು ನಿಮ್ಮ ಇಲಾಖೆಯ ಇಬ್ಬರು ಮಾತಾಡಿಕೊಂಡರು. ‘ಅಲ್ಲ ಸಾರ್, ಆ ಹೆಂಗಸು ಕೇಳಿದ್ದಕ್ಕೆ ಏನಾದ್ರೂ ಹೇಳಬೇಕಿತ್ತಲ್ವಾ?’ ಎಂದು ಒಬ್ಬರು. ‘ಹೇಳಿದ್ರೆ ನಾಳೆ ನಾವೇ ಹೇಳಿದ್ದು ಅಂತಾರೆ ಕಣ್ರೀ. ತರಬೇತಿ ಕೊಟ್ಟಾಯ್ತಲ್ಲ, ಹೆಚ್ಚುಕಮ್ಮಿ ಆದ್ರೆ ಇನ್ನು ಅವರ ತಲೆಗೆ’ ಎಂದು ಇನ್ನೊಬ್ಬರು. ನನ್ನ ಕಿವಿ ನೆಟ್ಟಗಾಯಿತು. ಸಾಯದವಳನ್ನು ಸಾಯಿಸಿ ಮಲಗಿಸಿದ ಮೇಲೆ ಅವಳ ತಲೆದೆಸೆಯಲ್ಲಿ ಗುಟ್ಟು ಮಾತಾಡಬಾರದು ಮಾನ್ಯರೇ. ಇದನ್ನು ನಿಮ್ಮ ಮುಂದಿನ ತರಬೇತಿಯಲ್ಲಿ ಮೊದಲ ಪಾಠವಾಗಿ ಸೇರಿಸಿಕೊಳ್ಳಿ.

ಸ್ವಲ್ಪ ದಿನಕ್ಕೆ ಕೆಂಪು ಬಣ್ಣದ ಪೋಸ್ಟರ್ ಬಂತು. ಎಲ್ಲ ಮೆಡಿಕಲ್ ಅಂಗಡಿಯವರೂ ಕೌಂಟರಿನ ಪಕ್ಕ ಅಂಟಿಸಲೇಬೇಕು, ಅಂಟಿಸದಿದ್ದರೆ ದಂಡ. ಅದರಲ್ಲಿ ದಪ್ಪ ಅಕ್ಷರದಲ್ಲಿ ನಿಯಂತ್ರಣ ಕೊಠಡಿಯ ಫೋನ್ ನಂಬರು. ಸೊಸೆ ಅಂಟಿಸಿದಳು, ನಾನು ಗೋಂದು ಹಿಡಿದುಕೊಂಡಿದ್ದೆ.

ನೆರೆ ಬಂದದ್ದು ಬೆಳಗಿನ ಹೊತ್ತು. ನಮ್ಮ ಅಂಗಡಿ ಕೆಳಗೆ, ಮನೆ ಮೇಲೆ. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಅವನು ಸೇತುವೆಯ ಆಚೆಯೇ ಸಿಕ್ಕಿಬಿದ್ದ. ಹೊಳೆ ನೀರು ಬೀದಿ ತುಂಬಿ ಅಂಗಡಿಯ ಮೆಟ್ಟಿಲು ಹತ್ತಿದಾಗ ಸೊಸೆ, ನಾನು, ಮೊಮ್ಮಗಳು ಮೂವರೂ ಸೇರಿ ಔಷಧಿಯನ್ನೆಲ್ಲ ಮೇಲೆ ಸಾಗಿಸಿದೆವು. ನನ್ನ ಮಂಚದ ಮೇಲೆ ಕೆಮ್ಮಿನ ಸಿರಪ್ಪು ಮಲಗಿತು, ಅಡುಗೆಮನೆಯ ಕಟ್ಟೆಯ ಮೇಲೆ ಜ್ವರದ ಮಾತ್ರೆ. ಫ್ರಿಜ್ಜನ್ನು ಮಾತ್ರ ಎತ್ತಲಾಗಲಿಲ್ಲ. ನಾವು ನೋಡುತ್ತಿದ್ದ ಹಾಗೇ ಅದು ಬಾಗಿ, ಬಾಗಿಲು ತೆರೆದುಕೊಂಡು, ಒಳಗಿದ್ದ ಇನ್ಸುಲಿನ್ ಸಮೇತ ಕೆಸರು ಕುಡಿಯಿತು. ಅಲ್ಲಿಗೆ ಇನ್ಸುಲಿನ್ ಕಥೆ ಮುಗಿಯಿತು ಎಂದುಕೊಂಡೆವು.

ಆಗಲೇ ಬಂದ ನಮ್ಮ ಬೀದಿಯ ಟೈಲರ್. ಎದೆಮಟ್ಟದ ನೀರಿನಲ್ಲಿ, ಗೋಡೆ ಹಿಡಿದುಕೊಂಡು. ಚಿಕ್ಕಂದಿನಿಂದ ಸಕ್ಕರೆ ಕಾಯಿಲೆಯವನು, ದಿನಾ ಚುಚ್ಚಿಕೊಳ್ಳದೆ ನಡೆಯುವುದಿಲ್ಲ. ಹೊಳೆದಡದ ತಗ್ಗಿನಲ್ಲಿರುವ ಅವನ ಮನೆ, ಇನ್ಸುಲಿನ್ ಸಮೇತ, ಹಿಂದಿನ ದಿನವೇ ಮುಳುಗಿತ್ತು. ತುಟಿ ಒಡೆದಿತ್ತು, ವಾಂತಿ ಮಾಡಿಕೊಂಡಿದ್ದ, ಏದುಸಿರು. ಆ ಸ್ಥಿತಿಯಲ್ಲೂ ಅವನ ನಾಲಿಗೆ ಮಾತ್ರ ನೆಟ್ಟಗಿತ್ತು. ‘ಅಕ್ಕಾ, ಚೀಟಿ ಅಂಗಿ ಜೇಬಲ್ಲಿತ್ತು. ಅಂಗಿ ಸೇತುವೆ ದಾಟಿ ಹೋಯ್ತು. ನಾನೇ ಹೊಲಿದಿದ್ದು ಅಕ್ಕಾ, ಹೊಸಾ ಅಂಗಿ.’

ಸೊಸೆ ಅವನ ಡಾಕ್ಟರಿಗೆ ಫೋನ್ ಮಾಡಿದಳು. ಸಿಗಲಿಲ್ಲ. ಆಸ್ಪತ್ರೆ ಸೇತುವೆಯ ಆಚೆ, ಸೇತುವೆ ಮುಚ್ಚಿದೆ. ಸರಿ, ನೀವು ಕಲಿಸಿದ ಮೊದಲ ಪಾಠ. ಪೋಸ್ಟರಿನ ನಂಬರಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು, ಹಾಗಾಗಿ ನಾನು ಕೇಳಿದ್ದು ಕೇಳಿದ ಹಾಗೆ ಬರೆಯುತ್ತೇನೆ.

‘ಹಲೋ, ನಿಯಂತ್ರಣ ಕೊಠಡಿನಾ?’

‘ಅಬ್ಬಾ, ಮಾಡಿದ್ರಾ ತಾಯಿ! ದೋಣಿ ಎಲ್ಲಿಗೆ ಬಂತು?’

‘ಯಾವ ದೋಣಿ? ನಾನು ಮೆಡಿಕಲ್ ಅಂಗಡಿಯಿಂದ ಮಾತಾಡ್ತಿರೋದು. ಇನ್ಸುಲಿನ್ ಅರ್ಜೆಂಟಾಗಿ ಬೇಕು.’

‘ನನಗೆ ದೋಣಿ ಅರ್ಜೆಂಟಾಗಿ ಬೇಕು. ಅಲ್ಲಮ್ಮಾ, ಇದು ಕಾಲೇಜು. ನಾನು ವಾಚ್‌ಮನ್ನು. ಆಫೀಸು ರೂಮಲ್ಲಿ ಮೇಜಿನ ಮೇಲೆ ನಿಂತಿದ್ದೀನಿ. ಬೆಳಗ್ಗಿಂದ ಊರಿನ ಮೆಡಿಕಲ್‌ನೋರೆಲ್ಲ ನನಗೇ ಫೋನ್ ಮಾಡ್ತಾರೆ, ಒಬ್ಬರಾದ್ರೂ ದೋಣಿ ಕಳಿಸಲ್ಲ!’

ಅರ್ಥವಾಯಿತೇ ಮಾನ್ಯರೇ? ಡ್ರಿಲ್ಲಿನ ದಿನ ಪಕ್ಕದ ಕೋಣೆಯಲ್ಲಿ ರಿಂಗಾಯಿತಲ್ಲ, ಅದೇ ನಂಬರನ್ನು ನೀವು ಕೆಂಪು ಪೋಸ್ಟರಿನಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ಅಂಟಿಸಿದ್ದೀರಿ. ನಾಟಕದ ಕತ್ತಿ ಕೊಟ್ಟು ಯುದ್ಧಕ್ಕೆ ಕಳಿಸಿದ್ದೀರಿ. ನಿಯಂತ್ರಣ ಕೊಠಡಿ ಅಂತ ನಿಜಕ್ಕೂ ಒಂದಿತ್ತೇ? ಇದ್ದರೆ ಅದರ ನಂಬರು ಯಾರ ಹತ್ತಿರ ಇತ್ತು? ಇಲ್ಲದಿದ್ದರೆ ಇಷ್ಟು ವರ್ಷ ಅಲ್ಲಿ ಯಾರು ಏನನ್ನು ನಿಯಂತ್ರಿಸುತ್ತಿದ್ದರು?

ಸೊಸೆಗೆ ಅಳು ಬಂತು. ನನಗೆ ಸಿಟ್ಟು ಬಂತು. ಆ ವಾಚ್‌ಮನ್ನನಿಗೆ ಮಾತ್ರ ಮಾತು ಬೇಕಿತ್ತು. ಒಬ್ಬನೇ ನಿಂತು ನಿಂತು ಭಯ ಹತ್ತಿತ್ತೋ ಏನೋ, ಫೋನ್ ಇಡಲು ಬಿಡಲೊಲ್ಲ.

‘ಒಬ್ಬರು ಆಕ್ಸಿಜನ್ ಅಂತಾರೆ, ಒಬ್ಬರು ಹಾವು ಕಚ್ಚಿದ್ದಕ್ಕೆ ಕೇಳ್ತಾರೆ. ಇನ್ನೊಬ್ಬರು, ನನ್ನ ಹತ್ರ ಇನ್ಸುಲಿನ್ ರಾಶಿ ಇದೆ, ಕರೆಂಟಿಲ್ಲ, ಕೆಟ್ಟುಹೋಗುತ್ತೆ, ಏನ್ ಮಾಡ್ಲಿ ಅಂತ ನನ್ನೇ ಬೈತಾರೆ. ನಾನೇನು ಡಾಕ್ಟರಾ?’

‘ಯಾರು? ಇನ್ಸುಲಿನ್ ಇದೆ ಅಂದೋರು ಯಾರು?’

‘ಗಡಿಯಾರದ ಗೋಪುರದ ಹತ್ರದೋರು. ಅಲ್ಲ ಅಲ್ಲ, ಅವರು ಆಕ್ಸಿಜನ್ನು. ತಾಳಿ, ನೀರು ನೋಡ್ತಾ ತಲೆ ಓಡ್ತಿಲ್ಲ. ಮೂಗಲ್ಲಿ ಮಾತಾಡ್ತಾರಲ್ಲ, ಅವರು.’

ಮೂಗಲ್ಲಿ ಮಾತಾಡುವ ಮೆಡಿಕಲ್‌ನವರು ಈ ಊರಿಗೆ ಒಬ್ಬರೇ. ದಿಬ್ಬದ ಬೀದಿಯ ಮುದುಕ. ನಮ್ಮ ಗಿರಾಕಿಗಳನ್ನು ಎಳೆದುಕೊಂಡರೆಂದು ಸೊಸೆಗೂ ಅವರಿಗೂ ವರ್ಷಗಳಿಂದ ಮಾತಿರಲಿಲ್ಲ. ‘ಬೇಡ ಕಣೇ, ಆ ಮನುಷ್ಯ ಹಳೇ ಸ್ಟಾಕು ಸಾಗಹಾಕ್ತಾನೆ’ ಎಂದೆ. ಸೊಸೆ ನನ್ನತ್ತ ತಿರುಗಿ ಕೂಡ ನೋಡದೆ ಫೋನ್ ಹಚ್ಚಿದಳು. ಮುದುಕ ಎತ್ತಿದ ಕೂಡಲೇ, ‘ಗೊತ್ತಿತ್ತು, ಒಂದಿನ ನೀನೇ ಮಾಡ್ತೀಯ ಅಂತ’ ಎಂದು ಚುಚ್ಚಿದರು. ಆಮೇಲೆ, ‘ಯಾರಿಗೆ? ಟೈಲರ್‌ಗಾ? ಯಾವುದು ತಗೋತಾನೆ, ಸರಿಯಾಗಿ ಹೇಳು’ ಎಂದರು. ದಿಬ್ಬದಿಂದ ನಮ್ಮ ಬೀದಿಗೆ ಬರಬಲ್ಲ ಎತ್ತರದ ವಾಹನ ಒಂದೇ ಇತ್ತು, ನಗರಸಭೆಯ ಕಸದ ಲಾರಿ. ಅದರ ಡ್ರೈವರನ ಪಕ್ಕದ ಸೀಟಿನಲ್ಲಿ, ನೀರು ಚಿಮುಕಿಸಿದ ಬಟ್ಟೆ ಸುತ್ತಿದ ಮಣ್ಣಿನ ಹೂಜಿಯೊಳಗೆ ಕೂತು ಇನ್ಸುಲಿನ್ ಬಂತು. ತಣ್ಣಗಿತ್ತು. ತಾರೀಖನ್ನು ನಾನೇ ಎರಡು ಸಲ ನೋಡಿದೆ. ಹೊಸದೇ. ನನ್ನ ಅನುಮಾನ ಸುಳ್ಳಾದದ್ದಕ್ಕೆ ನನಗೆ ಸ್ವಲ್ಪ ಬೇಜಾರೇ ಆಯಿತು.

ಆಗಲೂ ಸೊಸೆ ದಡಬಡ ಕೊಟ್ಟುಬಿಡಲಿಲ್ಲ. ಟೈಲರನನ್ನು ಕೂರಿಸಿ ಕೇಳಿದಳು: ಬಾಟಲಿಯ ಮುಚ್ಚಳದ ಬಣ್ಣ ಯಾವುದು, ಸಿರಿಂಜಿನಲ್ಲಿ ಎಷ್ಟನೇ ಗೆರೆಯವರೆಗೆ ಎಳೆಯುತ್ತೀಯ, ಊಟಕ್ಕೆ ಮುಂಚೆಯೋ ಆಮೇಲೋ. ತಾನು ತಿಂಗಳು ತಿಂಗಳು ಕೊಟ್ಟ ನೆನಪಿಗೂ ಅವನ ಮಾತಿಗೂ ತಾಳೆ ನೋಡಿದಳು. ‘ಅವನು ತಪ್ಪು ಹೇಳ್ತಿದ್ರೆ?’ ಎಂದು ನಾನು ಕಿವಿಯಲ್ಲಿ ಕೇಳಿದೆ. ‘ಅದೇ ಭಯ ಅತ್ತೆ ನನಗೂ’ ಎಂದಳು. ಅವೇ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಇನ್ನೊಮ್ಮೆ ಕೇಳಿದಳು. ಉತ್ತರ ಬದಲಾಗದಿದ್ದಾಗ ಕೊಟ್ಟಳು, ಆಸ್ಪತ್ರೆಯ ದಾರಿ ತೆರೆಯುವವರೆಗೆ ಸಾಕಾಗುವಷ್ಟು. ಅವನನ್ನು ನಮ್ಮ ಹಜಾರದಲ್ಲೇ ಮಲಗಿಸಿಕೊಂಡು ಗಳಿಗೆಗೊಮ್ಮೆ ಸಕ್ಕರೆ ಅಳೆದು ನೋಡಿದಳು. ಸಂಜೆಗೆ ಅವನು ಎದ್ದು ಕೂತು, ನಮ್ಮ ಕಿಟಕಿಯ ಪರದೆಯ ಹೊಲಿಗೆ ಸರಿಯಿಲ್ಲ ಎಂದ. ಬದುಕಿದ ಎಂದು ಆಗ ನಂಬಿದೆ.

ಇಷ್ಟಾದ ಮೇಲೆ ಊರಿನ ಮೆಡಿಕಲ್‌ನವರೆಲ್ಲ ಆ ವಾಚ್‌ಮನ್ನನನ್ನೇ ಹಿಡಿದುಕೊಂಡರು. ಅವನೋ ಆಕ್ಸಿಜನ್ ಕೇಳಿದವರಿಗೆ ಹಾವಿನ ಔಷಧಿಯವರ ವಿಳಾಸ ಕೊಟ್ಟ, ಹಾವಿನವರಿಗೆ ಮಕ್ಕಳ ಹಾಲಿನ ಪುಡಿ ತೋರಿಸಿದ. ಆದರೂ ತಪ್ಪುತ್ತಾ ಒಪ್ಪುತ್ತಾ ಒಬ್ಬರ ಬಳಿ ಇದ್ದದ್ದು ಇನ್ನೊಬ್ಬರಿಗೆ ಗೊತ್ತಾಯಿತು. ಅವನಿಗೆ ದೋಣಿ ಕಳಿಸಿದ್ದೂ ಅಂಗಡಿಯವರೇ ಸೇರಿ. ಆಮೇಲೆ ಪತ್ರಿಕೆಯಲ್ಲಿ ನಿಮ್ಮ ಹೇಳಿಕೆ ಬಂತು: ‘ನಿಯಂತ್ರಣ ಕೊಠಡಿಗೆ ಬಂದ ಪ್ರತಿಯೊಂದು ಕರೆಗೂ ಸ್ಪಂದಿಸಲಾಗಿದೆ.’ ಮೊಮ್ಮಗಳು ಓದಿ ಹೇಳಿದಾಗ ಕಾಫಿ ನೆತ್ತಿಗೇರಿತು. ಸ್ಪಂದಿಸಿದವರು ಯಾರು ಮಾನ್ಯರೇ? ಆ ವಾಚ್‌ಮನ್ನನ ಪಂಚೆ ಒದ್ದೆಯಾದಷ್ಟಾದರೂ ನಿಮ್ಮ ಇಲಾಖೆಯ ಯಾರದಾದರೂ ಕಾಲುಚೀಲ ಒದ್ದೆಯಾಯಿತೇ?

ಆಮೇಲೆ ನೋಟಿಸು. ಚೀಟಿಯಿಲ್ಲದೆ ಔಷಧಿ ಕೊಟ್ಟದ್ದು, ಬಿಲ್ಲಿಲ್ಲದೆ ಇನ್ನೊಂದು ಅಂಗಡಿಯಿಂದ ತರಿಸಿದ್ದು, ಕಸದ ವಾಹನದಲ್ಲಿ ಸಾಗಿಸಿದ್ದು. ಎಲ್ಲಕ್ಕಿಂತ ಮಿಗಿಲಾಗಿ, ‘ವಿಶೇಷ ತರಬೇತಿ ಪಡೆದಿದ್ದಾಗ್ಯೂ’ ಇದನ್ನೆಲ್ಲ ಮಾಡಿದ್ದು. ಆ ‘ಆಗ್ಯೂ’ ನೋಡಿದಾಗ ನನಗೆ ತಲೆದೆಸೆಯ ಆ ಮಾತಿನ ಅರ್ಥ ಪೂರ್ತಿ ಬಿಚ್ಚಿಕೊಂಡಿತು. ನೀರು ಬಂದ ಕೂಡಲೇ ಷಟರ್ ಎಳೆದು ಮೇಲೆ ಹೋಗಿ ಕೂತ ಅಂಗಡಿಯವರಿಗೆ ನೋಟಿಸಿಲ್ಲ. ತರಬೇತಿಗೇ ಬಾರದವರಿಗೂ ಇಲ್ಲ. ಅಂದಮೇಲೆ ಈ ತರಬೇತಿ ಯಾತಕ್ಕಾಗಿ? ಕೆಲಸ ಕಲಿಸಲಿಕ್ಕೋ, ಅಥವಾ ಕೆಟ್ಟರೆ ಯಾರ ಕೊರಳಿಗೆ ಕಟ್ಟಬೇಕೆಂದು ಮೊದಲೇ ಕೊರಳಿನ ಅಳತೆ ತೆಗೆದಿಟ್ಟುಕೊಳ್ಳಲಿಕ್ಕೋ? ಸಾಮಾನ್ಯ ಬುದ್ಧಿಯವಳು ನಾನು, ಹಳ್ಳಿ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು. ನನಗೆ ಎರಡನೆಯದೇ ಕಾಣುತ್ತದೆ. ತಪ್ಪಿದ್ದರೆ ತಿದ್ದಿ.

ಸೊಸೆಯ ಜೊತೆ ನಿಮ್ಮ ಕಚೇರಿಗೂ ಬಂದೆ. ಕಿಟಕಿಯ ಪಕ್ಕದ ಮೇಜಿನವರು ಬಹಳ ಮೃದು ಮನುಷ್ಯರು, ಮಾತು ಬೆಣ್ಣೆ. ‘ಮೇಡಂ, ಯಾಕೆ ಎಳೆದಾಡ್ತೀರಾ? ತಪ್ಪಾಯ್ತು, ಮುಂದೆ ಹೀಗೆ ಮಾಡಲ್ಲ ಅಂತ ಎರಡು ಸಾಲು ಬರೆದುಕೊಟ್ಟುಬಿಡಿ. ಎಚ್ಚರಿಕೆ ಕೊಟ್ಟು ಮುಗಿಸ್ತಾರೆ.’

‘ಮುಂದೆ ಹೀಗೆ ಮಾಡಲ್ಲ ಅಂದ್ರೆ ಏನಪ್ಪಾ?’ ಎಂದೆ ನಾನು. ‘ಮುಂದಿನ ಸಲ ಟೈಲರ್ ಬಂದ್ರೆ ಸಾಯಕ್ಕೆ ಬಿಡ್ತೀವಿ ಅಂತ ಬರೀಬೇಕಾ?’

‘ಅಜ್ಜಿ, ನೀವು ಹೊರಗೆ ಕೂತ್ಕೊಳ್ಳಿ. ಇದು ಟೆಕ್ನಿಕಲ್ ವಿಷಯ.’

ಹೊರಗೆ ಕೂತೆ. ಕೂತಲ್ಲೇ ಇನ್ನೊಂದು ತಮಾಷೆ ಸಿಕ್ಕಿತು. ನಿಮ್ಮ ಎದುರಿನ ಕೋಣೆಯಿಂದ ಒಬ್ಬರು ಓಡಿಬಂದು ಸೊಸೆಯ ಕೈಗೆ ಆಮಂತ್ರಣ ಕೊಟ್ಟರು. ಎರಡನೆಯ ಹಂತದ ತರಬೇತಿಯಂತೆ, ನೆರೆಯಲ್ಲಿ ಅವಳು ಮಾಡಿದ ಸಾಧನೆಯನ್ನು ವೇದಿಕೆಯ ಮೇಲೆ ಹೇಳಬೇಕಂತೆ, ಶಾಲು ಹೊದಿಸುತ್ತಾರಂತೆ. ಒಂದು ಕೈಯಲ್ಲಿ ನೋಟಿಸು, ಇನ್ನೊಂದು ಕೈಯಲ್ಲಿ ಆಮಂತ್ರಣ ಹಿಡಿದು ಅವಳು ಮೆಟ್ಟಿಲ ಮೇಲೆ ನಿಂತದ್ದು ನೋಡಬೇಕಿತ್ತು. ಎಡಗೈ ಮಾಡುವುದು ನಿಮ್ಮ ಬಲಗೈಗೆ ಗೊತ್ತಿಲ್ಲವೋ? ಗೊತ್ತಿದ್ದೂ ಅವಳ ಬಾಯಿಂದಲೇ ಮೈಕಿನಲ್ಲಿ ‘ಹೌದು, ಚೀಟಿಯಿಲ್ಲದೆ ಕೊಟ್ಟೆ’ ಎಂದು ಹೇಳಿಸಿ, ಅದನ್ನೇ ವಿಚಾರಣೆಗೆ ಸಾಕ್ಷಿ ಮಾಡಿಕೊಳ್ಳುವ ಉಪಾಯವೋ? ಶಾಲು ಬೇಡ ಎಂದು ಹೇಳಿ ಕರೆದುಕೊಂಡು ಬಂದೆ. ಯಾವ ಶಾಲಿನ ಮಡಿಕೆಯಲ್ಲಿ ಯಾವ ಹಗ್ಗ ಇದೆಯೋ ಯಾರು ಬಲ್ಲರು.

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ಚೀಟಿಯಿಲ್ಲದೆ ಔಷಧಿ ಕೊಡಬಾರದು ಎಂಬ ನಿಯಮ ಸರಿಯಾದದ್ದು. ಅಂಗಡಿಯ ಮೆಟ್ಟಿಲ ಮೇಲೆ ದಿನಾ ಕೂರುವವಳು ನಾನು. ನಿದ್ದೆ ಮಾತ್ರೆಗೆ ಬಣ್ಣಬಣ್ಣದ ಕಥೆ ಕಟ್ಟಿಕೊಂಡು ಬರುವವರನ್ನು ಸೊಸೆ ಗದರಿಸಿ ಕಳಿಸುವುದನ್ನು ಕಂಡಿದ್ದೇನೆ. ನೆರೆಯ ಹೆಸರಿನಲ್ಲಿ ಕಂಡಕಂಡವರಿಗೆ ಕಂಡದ್ದನ್ನು ಹಂಚಿದರೆ ನೀರಿನಲ್ಲಿ ಸತ್ತವರಿಗಿಂತ ಮಾತ್ರೆಯಲ್ಲಿ ಸತ್ತವರು ಹೆಚ್ಚಾದಾರು. ಅದಕ್ಕೇ ಅಲ್ಲವೇ ತರಬೇತಿ ಎನ್ನುವುದು? ಚೀಟಿ ಹೋದರೆ ಯಾವ ಔಷಧಿ ಕೊಡಬಹುದು, ಯಾವುದನ್ನು ಏನೇ ಆದರೂ ಕೊಡಬಾರದು, ಎಷ್ಟು ದಿನಕ್ಕೆ ಕೊಡಬಹುದು, ರೋಗಿಯನ್ನು ಏನೇನು ಕೇಳಬೇಕು, ಆಮೇಲೆ ಯಾರಿಗೆ ತಿಳಿಸಬೇಕು, ಕರೆಂಟಿಲ್ಲದೆ ತಂಪು ಕಾಯುವುದು ಹೇಗೆ, ಅಂಗಡಿಯಿಂದ ಅಂಗಡಿಗೆ ಹೇಗೆ ಸಾಗಿಸಬೇಕು. ಇದನ್ನೆಲ್ಲ ಕಲಿಸಿದ್ದರೆ ನನ್ನ ಸೊಸೆ ಭಯಪಡುತ್ತಾ ಒಬ್ಬಳೇ ತೀರ್ಮಾನ ಮಾಡಬೇಕಿರಲಿಲ್ಲ. ನೀವು ಕಲಿಸಿದ್ದು ಫೋಟೋಗೆ ಹೇಗೆ ನಿಲ್ಲಬೇಕು ಎಂಬುದನ್ನು. ಅದನ್ನು ಅವಳು ಚೆನ್ನಾಗಿ ಕಲಿತಿದ್ದಾಳೆ, ಎರಡನೆಯ ಸಾಲಿನಲ್ಲಿ ನಗುತ್ತಾ ನಿಂತಿದ್ದಾಳೆ.

ನನ್ನ ನಿಜವಾದ ಭಯ ಬೇರೆ. ಮೊನ್ನೆ ಕೌಂಟರ್ ಒರೆಸುತ್ತಾ ಅವಳೇ ಹೇಳಿದಳು. ‘ಬರೆದುಕೊಟ್ಟುಬಿಡ್ತೀನಿ ಅತ್ತೆ. ಅಂಗಡಿ ಹೋದ್ರೆ ನಾವು ಎಲ್ಲಿಗೆ ಹೋಗೋದು? ಮುಂದಿನ ಸಲ ನೀರು ಬಂದ್ರೆ ನಾನೂ ಷಟರ್ ಎಳೆದು ಮೇಲೆ ಬಂದು ಕೂರ್ತೀನಿ. ಯಾರು ಕೂಗಿದ್ರೂ ಕೇಳಿಸ್ಲಿಲ್ಲ ಅಂತೀನಿ.’ ನಾನು ಬೈಯಲು ಬಾಯಿ ತೆರೆದೆ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. ದಿಬ್ಬದ ಮುದುಕರೂ ಅದನ್ನೇ ಹೇಳುತ್ತಿದ್ದಾರೆ. ಅವರಿಗೂ ನೋಟಿಸು ಹೋಗಿದೆ. ಒಂದು ನೆರೆಯಿಂದ ಊರು ಎದ್ದುಬಿಡುತ್ತದೆ ಮಾನ್ಯರೇ. ಬಾಗಿಲು ತೆರೆಯುವವರಿಗೆಲ್ಲ ಹೀಗೆ ಬುದ್ಧಿ ಕಲಿಸಿದ ಮೇಲೆ ಎರಡನೆಯ ನೆರೆಯಿಂದ ಏಳುತ್ತದೆಯೇ?

ಆದ್ದರಿಂದ ನಿಮ್ಮಿಂದ ನನಗೆ ಬೇಕಾದದ್ದು ಹೇಳುತ್ತೇನೆ. ಇಬ್ಬರ ನೋಟಿಸನ್ನೂ ವಾಪಸು ಪಡೆಯಿರಿ. ಊರಿನ ಗೋಡೆಗಳಿಂದ ಆ ಕೆಂಪು ಪೋಸ್ಟರ್ ಕೀಳಿಸಿ, ಎತ್ತಿದರೆ ನಿಮ್ಮ ಇಲಾಖೆಯವರೇ ಎತ್ತುವಂಥ ನಂಬರು ಹಾಕಿಸಿ. ನಾನೇ ಫೋನ್ ಮಾಡಿ ಪರೀಕ್ಷೆ ಮಾಡುತ್ತೇನೆ, ಯಾವ ಹೊತ್ತಿಗೆ ಎಂದು ಹೇಳುವುದಿಲ್ಲ. ಕೊನೆಯದಾಗಿ, ಸೊಸೆ ಅವತ್ತು ಕೇಳಿದ ಪ್ರಶ್ನೆಗೆ ಉತ್ತರ ಕೊಡಿ. ಚೀಟಿ ಕೊಚ್ಚಿಹೋದವನು ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿರುವಾಗ ಕೊಡಬೇಕೋ ಬೇಡವೋ? ಕೊಡಬೇಕು ಎಂದರೆ ಹಾಗೆಂದು ಬರೆದು ಸಹಿ ಹಾಕಿ. ಬೇಡ ಎಂದರೂ ಬರೆದು ಸಹಿ ಹಾಕಿ. ‘ಪರಿಶೀಲಿಸಲಾಗುವುದು’ ಎಂಬುದು ಉತ್ತರವಲ್ಲ. ಅದು ಆಕಳಿಕೆ.

ವಿಚಾರಣೆ ಮುಂದಿನ ತಿಂಗಳ ಆರಂಭದಲ್ಲೇ ಇದೆ. ಹೊಳೆ ಮತ್ತೆ ಏರುವ ಕಾಲವೂ ಅದೇ. ಸೊಸೆಯ ಕೈಯಿಂದ ಆ ಎರಡು ಸಾಲು ಬರೆಯದ ಹಾಗೆ ಪೆನ್ನು ಕಿತ್ತಿಟ್ಟುಕೊಂಡಿದ್ದೇನೆ, ಆದರೆ ಎಷ್ಟು ದಿನ ಅಂತ ಹಿಡಿದುಕೊಳ್ಳಲಿ? ಅಂಗಡಿ ಅವಳದು, ಭಯವೂ ಅವಳದೇ. ಮುಂದಿನ ತಿಂಗಳು ಹುಟ್ಟುವ ಮೊದಲು ನಿಮ್ಮ ಉತ್ತರ ನಮ್ಮ ಕೌಂಟರಿನ ಮೇಲಿರಬೇಕು. ಇದು ವಿನಂತಿಯಲ್ಲ.

ಇಂತಿ,
ಸೊಸೆಯ ಪರವಾಗಿ ಬರೆದಿದ್ದೇನೆಂದು ಸೊಸೆಗೇ ಇನ್ನೂ ಹೇಳಿರದ,
ಒಬ್ಬ ಅತ್ತೆ